ಒಂದು ರಾತ್ರಿ, ನಾಲ್ಕು ಜಾಗ

ಸೋಮವಾರ ಬೆಳಗ್ಗೆ ನಮ್ಮ ಆಫೀಸಿನ ಕಾಫಿ ಮೆಷಿನ್ ಹತ್ತಿರ ಸಣ್ಣದೊಂದು ಕುರುಕ್ಷೇತ್ರವೇ ನಡೆದುಹೋಯಿತು. ಶನಿವಾರ ರಾತ್ರಿ ನಾನೂ ಸೇರಿ ನಮ್ಮ ಟೀಮಿನ ಐದು ಜನ ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ ಹೋಗಿ 'ಮಲೆಗಳಲ್ಲಿ ಮದುಮಗಳು' ನಾಟಕ ನೋಡಿದ್ದೆವು. ನೋಡಿದ್ದೆವು ಅನ್ನುವುದು ಪೂರ್ತಿ ಸರಿಯಲ್ಲ. ಒಬ್ಬ ಹನ್ನೆರಡೂವರೆಗೇ ಕಾಲ್ ಟ್ಯಾಕ್ಸಿ ಕರೆಸಿಕೊಂಡು ಮನೆಗೆ ಹೋಗಿದ್ದ. ಹಾಗೆ ಹೋದವನೇ ಸೋಮವಾರ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದ. "ಮೂರು ಗಂಟೇಲಿ ಮುಗಿಸಬಹುದಾದ್ದನ್ನ ಒಂಬತ್ತು ಗಂಟೆ ಎಳೆದಿದ್ದಾರೆ. ಇವರಿಗೆ ಎಡಿಟಿಂಗ್ ಅಂದ್ರೇನು ಅಂತ ಯಾರಾದ್ರೂ ಹೇಳ್ಕೊಡ್ಬೇಕು."

ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ನಮ್ಮ ಟೀಮಿನಲ್ಲಿದ್ದಾಳೆ. ಬೆಳಗಿನವರೆಗೂ ಕಣ್ಣು ಮುಚ್ಚದೆ ಕೂತಿದ್ದವಳು, ಕೊನೆಗೆ ಅತ್ತವಳು. ಅವಳಿಗೆ ಸಿಟ್ಟು ಬಂತು. "ಅರ್ಧ ನೋಡಿದವನಿಗೆ ಮಾತಾಡೋ ಹಕ್ಕಿಲ್ಲ" ಅಂದಳು. ಕಾದಂಬರಿಯನ್ನು ಎರಡು ಸಲ ಓದಿರುವ ಮೂರನೆಯವನು, "ಎಲ್ಲಾ ಸರಿ, ಇದರಲ್ಲಿ ಕುವೆಂಪು ಎಲ್ಲಿದ್ದಾರೆ?" ಅಂತ ಕೇಳಿದ. ಕಾದಂಬರಿಯನ್ನು ಒಂದು ಸಲವೂ ಓದದ ನಾಲ್ಕನೆಯವನು ಆಗಲೇ ಹಂಸಲೇಖ ಅವರ ಒಂದು ಹಾಡನ್ನು ಗುನುಗುತ್ತಾ ಕೀಬೋರ್ಡ್ ಕುಟ್ಟುತ್ತಿದ್ದ. ಐದನೆಯವನು ನಾನು. ನಾನು ಏನೂ ಹೇಳಲಿಲ್ಲ, ಯಾಕೆಂದರೆ ನನಗೆ ಹೇಳಬೇಕಾಗಿದ್ದದ್ದು ಕಾಫಿ ಮೆಷಿನ್ ಮುಂದೆ ಹೇಳಿ ಮುಗಿಯುವಂಥದ್ದಾಗಿರಲಿಲ್ಲ.

ನೋಡದೇ ಇದ್ದವರಿಗೆ ಎರಡು ಮಾತು. ಕುವೆಂಪು ಈ ಕಾದಂಬರಿಯನ್ನು ಪ್ರಕಟಿಸಿದ್ದು 1967ರಲ್ಲಿ. ಏಳುನೂರಕ್ಕೂ ಹೆಚ್ಚು ಪುಟ. ಕಥೆಯ ಕಾಲ 19ನೇ ಶತಮಾನದ ಕೊನೆ, ಜಾಗ ತೀರ್ಥಹಳ್ಳಿಯ ಸುತ್ತಿನ ಕಾಡು, ಹಳ್ಳಿ. ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ, ಹೀಗೆ ಬೇರೆ ಬೇರೆ ಜಾತಿಯ, ಬೇರೆ ಬೇರೆ ಅಂತಸ್ತಿನ ಜೋಡಿಗಳು. ಅವರ ಸುತ್ತ ಗೌಡರು, ಹೆಗ್ಗಡೆಗಳು, ಜೀತದವರು, ಪಾದ್ರಿಗಳು. ಇದನ್ನು ಕೆ.ವೈ. ನಾರಾಯಣಸ್ವಾಮಿ ರಂಗರೂಪಕ್ಕೆ ತಂದರು, ಸಿ. ಬಸವಲಿಂಗಯ್ಯ ನಿರ್ದೇಶಿಸಿದರು. ಮೊದಲು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಆಡಿದ್ದು, 2013ರಲ್ಲಿ ಬೆಂಗಳೂರಿಗೆ ಬಂತು. ರಾತ್ರಿ ಶುರುವಾದರೆ ಮುಗಿಯುವುದು ಬೆಳಕು ಹರಿಯುವ ಹೊತ್ತಿಗೆ. ಒಂದೇ ರಂಗದ ಮೇಲಲ್ಲ, ನಾಲ್ಕು ಕಡೆ ನಾಲ್ಕು ರಂಗ. ಒಂದರ ಆಟ ಮುಗಿದ ಮೇಲೆ ಪ್ರೇಕ್ಷಕರೇ ಎದ್ದು ಇನ್ನೊಂದರ ಹತ್ತಿರ ನಡೆಯಬೇಕು.

ಈ ನಡೆಯುವುದೇ ನಮ್ಮ ಟ್ಯಾಕ್ಸಿ ಮಿತ್ರನ ದೊಡ್ಡ ತಕರಾರು. ಬೇಗ ಬಂದು ಒಳ್ಳೇ ಜಾಗ ಹಿಡಿದಿದ್ದನಂತೆ, ಬ್ಯಾಗ್ ಇಟ್ಟು ನಮಗೂ ಹಿಡಿದಿದ್ದ, ಪಾಪ. ಮೊದಲ ಭಾಗ ಮುಗಿದು ಎಲ್ಲರೂ ದಡಬಡ ಎದ್ದಾಗ ಅವನ ಬೇಗ ಬಂದ ಪುಣ್ಯವೆಲ್ಲ ಮಣ್ಣುಪಾಲಾಯಿತು. ಎರಡನೇ ಕಡೆ ಅವನಿಗೆ ಸಿಕ್ಕಿದ್ದು ಒಬ್ಬ ಎತ್ತರದ ಮನುಷ್ಯನ ಬೆನ್ನು.

ಆ ರಾತ್ರಿ ನಮ್ಮ ಜೊತೆ ಆರನೆಯವರೂ ಒಬ್ಬರಿದ್ದರು. ನಮ್ಮಪ್ಪ. ಕಣ್ಣಿನ ಪೊರೆ ತೋರಿಸಲು ತುಮಕೂರು ಕಡೆಯ ನಮ್ಮೂರಿಂದ ಬಂದಿದ್ದರು. "ರಾತ್ರಿಯಿಡೀ ನಾಟಕ ಇದೆ, ಬರ್ತೀರಾ?" ಅಂದಿದ್ದಕ್ಕೆ "ಬೆಂಗಳೂರಲ್ಲೂ ಆಡ್ತಾರಾ?" ಅಂತ ಆಶ್ಚರ್ಯಪಟ್ಟು ಶಾಲು ಹೊದ್ದು ಹೊರಟುಬಿಟ್ಟರು. ಶಾಲು ಯಾಕೆ ಅಂತ ನನಗೆ ನಡುರಾತ್ರಿ ಮೇಲೆ ಗೊತ್ತಾಯಿತು.

ಅಪ್ಪ ಮೊದಲ ಭಾಗ ಪೂರ್ತಿ ನೋಡಿದರು. ಎರಡನೆಯದರಲ್ಲಿ ಅರ್ಧ ಗಂಟೆ ನೋಡಿ, ಶಾಲು ತಲೆ ಮೇಲೆ ಎಳೆದುಕೊಂಡು, ನನ್ನ ಹೆಗಲಿಗೆ ಒರಗಿ ನಿದ್ದೆ ಹೋದರು. ಗೊರಕೆ ಬೇರೆ. ಹಿಂದಿನ ಸಾಲಿನವರೊಬ್ಬರು "ಶ್‌" ಅಂದರು. ನನಗೆ ನಾಚಿಕೆಯಾಗಿ ಅಪ್ಪನನ್ನು ಅಲುಗಿಸಿದೆ. ಕಣ್ಣು ತೆರೆದು, "ಮದುವೆ ಆಯ್ತಾ ಆ ಹುಡುಗಿಗೆ?" ಅಂದರು. "ಇನ್ನೂ ಇಲ್ಲ" ಅಂದೆ. "ಹಂಗಾದ್ರೆ ಓಡಿಹೋಗೋವಾಗ ಎಬ್ಬಿಸು" ಅಂತ ಹೇಳಿ ಮತ್ತೆ ಮಲಗಿದರು.

ನಗಬೇಡಿ. ರಾತ್ರಿ ನಾಟಕ ನೋಡುವ ಕ್ರಮ ಅದೇ. ನಮ್ಮ ಕಡೆ ಪೌರಾಣಿಕ ನಾಟಕದ ಹುಚ್ಚು ಇವತ್ತಿಗೂ ಇದೆ. ಹಬ್ಬಕ್ಕೋ ಜಾತ್ರೆಗೋ ಊರವರೇ ಕುರುಕ್ಷೇತ್ರ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ, ಡ್ರಾಮಾ ಸೀನರಿ ಬಾಡಿಗೆಗೆ ಬರುತ್ತದೆ, ಪಾರ್ಟಿಗೆ ಪಾರ್ಟು ಮಾಡುವವನೇ ದುಡ್ಡು ಕೊಡಬೇಕು. ದುರ್ಯೋಧನ, ಕೃಷ್ಣ ತುಟ್ಟಿ. ನಮ್ಮಪ್ಪ ಒಂದು ವರ್ಷ ರಾಗಿ ಮಾರಿದ ದುಡ್ಡಲ್ಲಿ ವಿದುರ ಆಗಿದ್ದರು. ಅದಕ್ಕಿಂತ ಮೇಲಿನದಕ್ಕೆ ಅಮ್ಮ ಬಿಡಲಿಲ್ಲ. ಜನ ಚಾಪೆ, ಕಂಬಳಿ ತಂದು ರಾತ್ರಿ ಒಂಬತ್ತಕ್ಕೆ ಕೂತರೆ ಏಳುವುದು ಬೆಳಗ್ಗೆ. ನಡುವೆ ಮಲಗುತ್ತಾರೆ, ಎದ್ದು ಟೀ ಕುಡಿಯುತ್ತಾರೆ, ಬೋಂಡ ತಿನ್ನುತ್ತಾರೆ, ಭೀಮನ ಗದೆ ಸದ್ದಿಗೆ ಮತ್ತೆ ಎಚ್ಚರಾಗುತ್ತಾರೆ. ಹಾಡು ಹಿಡಿಸಿದರೆ "ಒನ್ಸ್ ಮೋರ್" ಅನ್ನುತ್ತಾರೆ. ಸತ್ತು ಬಿದ್ದ ಅಭಿಮನ್ಯು ಎದ್ದು ಅದೇ ಹಾಡು ಮತ್ತೆ ಹಾಡಿ ಮತ್ತೆ ಸಾಯುತ್ತಾನೆ. ಒಂದು ನಿಮಿಷವೂ ಬಿಡದೆ ನೋಡಬೇಕು ಅನ್ನುವ ಒತ್ತಾಯ ಅಲ್ಲಿ ಯಾರಿಗೂ ಇಲ್ಲ. ಕಥೆ ಎಲ್ಲರಿಗೂ ಗೊತ್ತು, ಎಲ್ಲಿ ಎಚ್ಚರಾದರೂ ಅಲ್ಲಿಂದ ನೋಡಬಹುದು.

ಉದ್ದದ ಬಗ್ಗೆ ಎರಡೂ ಕಡೆಯವರ ಜಗಳ ಕೇಳುವಾಗ ನನಗೆ ಕಾಣುವ ತೊಂದರೆ ಇದು. ಟ್ಯಾಕ್ಸಿ ಹತ್ತಿದವನೂ ಕಣ್ಣು ಮುಚ್ಚದೆ ಕೂತವಳೂ ಇಬ್ಬರೂ ಮಲ್ಟಿಪ್ಲೆಕ್ಸಿನ ಪ್ರೇಕ್ಷಕರೇ. ಇವನಿಗೆ, ದುಡ್ಡು ಕೊಟ್ಟ ಮೇಲೆ ಪ್ರತಿ ನಿಮಿಷವೂ ಏನಾದರೂ ಕೊಡಬೇಕು, ಕೊಡದಿದ್ದರೆ ಕತ್ತರಿಸಿ ಎಸೆಯಬೇಕು. ಅವಳಿಗೆ, ಪ್ರತಿ ನಿಮಿಷವನ್ನೂ ನೋಡಿ ತೀರಿಸಬೇಕು, ನಡುವೆ ಎದ್ದರೆ ಅಪಚಾರ. ಫೇಸ್‌ಬುಕ್ಕಿನಲ್ಲಿ "ಒಂಬತ್ತು ಗಂಟೆ ನೋಡಿದೆ" ಅಂತ ಹಾಕಿಕೊಂಡವರನ್ನು ಕಂಡಾಗ ನನಗೆ ಮ್ಯಾರಥಾನ್ ಓಡಿ ಮೆಡಲ್ ಕಚ್ಚುವವರ ಫೋಟೋ ನೆನಪಾಗುತ್ತದೆ. ಓಡಿದ್ದು ನಿಜ. ಆದರೆ ದಾರಿಯಲ್ಲಿ ಏನು ಕಂಡಿರಿ ಸ್ವಾಮಿ?

ಹಾಗಂತ ನಾಟಕವನ್ನು ಪೂರ್ತಿ ಹೊಗಳುವವನು ನಾನಲ್ಲ. ಮೊದಲ ಭಾಗದಲ್ಲಿ ಹೆಸರುಗಳೇ ಒಂದರ ಮೇಲೊಂದು ಬಂದು ಬೀಳುತ್ತವೆ. ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು: ಯಾರು ಯಾವ ಮನೆಯವರು ಅಂತ ಕಾದಂಬರಿ ಓದಿದ್ದ ನನಗೇ ಗೋಜಲಾಯಿತು. ಓದದ ಮಿತ್ರ "ಆರ್ಗ್ ಚಾರ್ಟ್ ಕೊಡಬೇಕಿತ್ತು" ಅಂದಿದ್ದು ತಮಾಷೆಗಾದರೂ ಅದರಲ್ಲಿ ಹುರುಳಿದೆ. ಕುರುಕ್ಷೇತ್ರದಲ್ಲಿ ಮಲಗಿ ಎದ್ದವನಿಗೆ ದಾರಿ ತಪ್ಪುವುದಿಲ್ಲ, ಭೀಮ ಯಾರು ದುಶ್ಶಾಸನ ಯಾರು ಅಂತ ಹುಟ್ಟುವಾಗಲೇ ಗೊತ್ತಿರುತ್ತದೆ. 'ಮದುಮಗಳು' ಹಾಗಲ್ಲ. ಇದು ಜಾತ್ರೆಯ ರಾತ್ರಿಯನ್ನು ಕೇಳುತ್ತದೆ, ಆದರೆ ಕಥೆ ಜಾತ್ರೆಯವರದ್ದಲ್ಲ, ಪುಸ್ತಕದ್ದು. ನಿದ್ದೆ ಮಾಡಲು ಸಮಯ ಕೊಟ್ಟು, ನಿದ್ದೆ ಮಾಡಿದವನಿಗೆ ಕಥೆ ಕೊಡುವುದಿಲ್ಲ. ಕಥೆ ಹೇಳುವ ಜೋಗಿಗಳನ್ನು ತಂದದ್ದು ಬಹುಶಃ ಇದೇ ಕಾರಣಕ್ಕೆ. ಅವರು ಬಂದಾಗಲೆಲ್ಲ ದಾರಿ ಸಿಗುತ್ತದೆ, ಹೋದ ಮೇಲೆ ಮತ್ತೆ ಕಾಡು.

ಹಾಡುಗಳ ವಿಷಯಕ್ಕೂ ಬರಬೇಕು. ಹಂಸಲೇಖ 'ಪ್ರೇಮಲೋಕ' ಮಾಡಿದವರು, ಒಂದು ಸಲ ಕೇಳಿದರೆ ಬಾಯಿಗೆ ಬರುವ ಹಾಗೆ ಮಾಡುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ನಾಟಕ ಬೆಳಗಿನವರೆಗೆ ನಿಲ್ಲುವುದೇ ಆ ಹಾಡುಗಳ ಬಲದಿಂದ. ಆದರೆ ಕಾದಂಬರಿಯಲ್ಲಿ ಮೌನ ಇದೆಯಲ್ಲ, ಗುತ್ತಿ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ನಡೆಯುವಾಗ ಪುಟಗಟ್ಟಲೆ ಬರೀ ಮರ, ಜಿಗಣೆ, ಮಳೆ, ಉಸಿರು? ಅದಕ್ಕೆ ಇಲ್ಲಿ ಜಾಗ ಕಡಿಮೆ. ಮೌನ ಶುರುವಾಗುವ ಹೊತ್ತಿಗೆ ಸರಿಯಾಗಿ ವಾದ್ಯ ಎದ್ದುಬಿಡುತ್ತದೆ. ಇಷ್ಟವಿಲ್ಲದ ಮದುವೆ ತಪ್ಪಿಸಿಕೊಂಡು ಚಿನ್ನಮ್ಮ ಕತ್ತಲಲ್ಲಿ ಹುಲಿಕಲ್ಲು ನೆತ್ತಿಗೆ ಹೋಗುವ ಭಾಗವನ್ನು ಓದುವಾಗ ನನ್ನ ಕೈ ತಣ್ಣಗಾಗಿತ್ತು. ಇಲ್ಲಿ ಅವಳ ಭಯಕ್ಕಿಂತ ಜೊತೆಗಿದ್ದ ನೂರಾರು ಜನರ ಗದ್ದಲವೇ ನನಗೆ ಹೆಚ್ಚು ಕೇಳಿಸಿತು. (ಹೇಳಿದ ಮಾತಿನಂತೆ ಅಪ್ಪನನ್ನು ಎಬ್ಬಿಸಿದೆ. ನೋಡಿ, "ಗಟ್ಟಿಗಿತ್ತಿ" ಅಂದರು. ಆಮೇಲೆ ಅವರು ಮಲಗಲಿಲ್ಲ.) ಹಾಗಾಗಿ "ಕುವೆಂಪು ಎಲ್ಲಿದ್ದಾರೆ" ಅನ್ನುವ ಪ್ರಶ್ನೆ ಪೂರಾ ಕುಚೋದ್ಯವಲ್ಲ. ಒಂಬತ್ತು ಗಂಟೆ ಕೊಟ್ಟ ಮೇಲೂ ಒಂದು ಕಾಡನ್ನು ಸುಮ್ಮನೆ ನಿಲ್ಲಿಸಲು ಹತ್ತು ನಿಮಿಷ ಸಿಗಲಿಲ್ಲವಲ್ಲ ಅನ್ನುವುದು ನನ್ನದೂ ಕೊರಗು.

ಈಗ ನನ್ನನ್ನು ಕಾಡಿದ ಇನ್ನೊಂದು ವಿಷಯ. ಗುತ್ತಿ ಸಿಂಬಾವಿ ಹೆಗ್ಗಡೆಯವರ ಜೀತದಾಳು, ದಲಿತ. ಅವನು ಗೌಡರ ಮುಂದೆ ಮೈ ಕುಗ್ಗಿಸಿ, ದೂರ ನಿಂತು ಮಾತಾಡುವಾಗ ನನ್ನ ಮುಂದಿನ ಸಾಲು ಗೊಳ್ಳೆಂದು ನಕ್ಕಿತು. ಗುತ್ತಿಯ ಮಾತಿನಲ್ಲಿ ಹಾಸ್ಯ ಇಲ್ಲ ಅಂತಲ್ಲ. ಕುವೆಂಪು ಅವನನ್ನು ಅಯ್ಯೋ ಪಾಪ ಅನ್ನಿಸಲು ಬರೆದವರಲ್ಲ, ಅವನು ಕಿಲಾಡಿ, ಪ್ರೇಮಿ, ಧೈರ್ಯಸ್ಥ. ಅವನ ಕಿಲಾಡಿತನಕ್ಕೆ ನಗುವುದು ಬೇರೆ. ಈ ನಗು ಬಂದದ್ದು ಅವನ ಕುಗ್ಗುವಿಕೆಗೆ, ಅವನ ಉಚ್ಚಾರಣೆಗೆ. ಟೀವಿಯಲ್ಲಿ ಹಳ್ಳಿ ಭಾಷೆ ಮಾತಾಡಿದ ಕೂಡಲೇ ಬರುವ ನಗು ಇದೆಯಲ್ಲ, ಅದು. ಅದೇ ಸಾಲಿನ ತುದಿಯಲ್ಲಿ ಕೂತಿದ್ದ ಒಬ್ಬ ನಡುವಯಸ್ಸಿನವರು ನಗಲಿಲ್ಲ. ತಿರುಗಿ ನಕ್ಕವರ ಮುಖಗಳನ್ನು ಒಂದೊಂದಾಗಿ ನೋಡಿದರು. ಅವರು ಯಾರೋ ಏನೋ, ಆ ನೋಟ ಮಾತ್ರ ನನ್ನ ಮೇಲೂ ಹಾದುಹೋಯಿತು.

ನಾನು ನಕ್ಕಿರಲಿಲ್ಲ. ಆದರೆ ನಗದೇ ಇರುವುದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ. ನಮ್ಮ ಮನೆಯ ಹಿತ್ತಲ ಗೋಡೆಯ ಗೂಡಿನಲ್ಲಿ ಒಂದು ಸ್ಟೀಲ್ ಲೋಟ ಇರುತ್ತಿತ್ತು. ಹೊಲಕ್ಕೆ ಬರುತ್ತಿದ್ದ ಒಬ್ಬ ಅಜ್ಜನ ಲೋಟ. ಅವನೇ ತೆಗೆದು, ಅಮ್ಮ ಮೇಲಿಂದ ಹೊಯ್ದ ಟೀ ಕುಡಿದು, ತೊಳೆದು, ಮತ್ತೆ ಅಲ್ಲೇ ಬೋರಲು ಹಾಕಿಟ್ಟು ಹೋಗುತ್ತಿದ್ದ. ನಾನು ಬಿಇ ಸೇರುವವರೆಗೂ ಅದು ಅಲ್ಲೇ ಇತ್ತು. ಅದು ಯಾಕೆ ಅಲ್ಲಿದೆ ಅಂತ ನಾನು ಒಂದು ದಿನವೂ ಕೇಳಿದವನಲ್ಲ. ಗುತ್ತಿ ಅಂಗಳದಲ್ಲಿ ದೂರ ನಿಂತಾಗ ನನಗೆ ಕಂಡದ್ದು 19ನೇ ಶತಮಾನ ಅಲ್ಲ, ಆ ಗೂಡು.

ಅದಕ್ಕೇ, ಮೇಲೆ ನಮ್ಮೂರಿನ ರಾತ್ರಿಗಳನ್ನು ಅಷ್ಟು ಹೊಗಳಿದವನು ಇನ್ನೊಂದು ಮಾತನ್ನೂ ಬರೆಯಬೇಕು. ಆ ಚಾಪೆಗಳಿಗೂ ಒಂದು ಲೆಕ್ಕ ಇತ್ತು. ರಂಗದ ಮುಂದೆ ಊರ ಮುಖ್ಯರು, ಅವರ ಹಿಂದೆ ನಾವು, ಹೆಂಗಸರಿಗೆ ಒಂದು ಪಕ್ಕ. ಕೇರಿಯವರು ಕೊನೆಗೆ, ಬೇವಿನ ಮರದ ಆಚೆ. ಅವರಿಗೂ ಎಲ್ಲಿ ಕೂರಬೇಕು ಅಂತ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಕುರುಕ್ಷೇತ್ರದಲ್ಲಿ ಕೇರಿಯ ಹುಡುಗನೊಬ್ಬ ಪಾರ್ಟು ಮಾಡಿದ್ದು ನನಗೆ ನೆನಪಿಲ್ಲ. ದುಡ್ಡು ಕೊಡುತ್ತೇನೆಂದರೂ ಸಿಗುತ್ತಿರಲಿಲ್ಲ. ಅವರು ಬೇರೆ ನಾಟಕ ಆಡುತ್ತಿದ್ದರು, ಅದನ್ನು ನೋಡಲು ನಮ್ಮ ಬೀದಿಯವರು ಹೋಗುತ್ತಿರಲಿಲ್ಲ. ಮಲಗುವ ಸ್ವಾತಂತ್ರ್ಯ ಎಲ್ಲರಿಗೂ ಇತ್ತು, ಎಲ್ಲಿ ಮಲಗಬೇಕು ಅನ್ನುವ ಸ್ವಾತಂತ್ರ್ಯ ಇರಲಿಲ್ಲ.

ಇಷ್ಟು ಯೋಚಿಸಿದ ಮೇಲೆ, ನಮ್ಮ ಟ್ಯಾಕ್ಸಿ ಮಿತ್ರ ಬೈದುಕೊಂಡ ಆ ಎದ್ದು ನಡೆಯುವ ಕೆಲಸವೇ ಈ ಪ್ರಯೋಗದ ಅತಿ ಒಳ್ಳೆಯ ಸಂಗತಿ ಅಂತ ನನಗೆ ಅನ್ನಿಸತೊಡಗಿತು. ಒಂದು ರಾತ್ರಿಯಲ್ಲಿ ಮೂರು ಸಲ ಎಲ್ಲರ ಜಾಗವೂ ಹೋಗುತ್ತದೆ. ಮೊದಲ ರಂಗದಲ್ಲಿ ನನ್ನ ಪಕ್ಕ ಸಹೋದ್ಯೋಗಿಗಳು. ಎರಡನೆಯದರಲ್ಲಿ ಕೈಯಲ್ಲಿ ಮಗು ಹಿಡಿದ ದಂಪತಿ. ಮೂರನೆಯ ಕಡೆ, ಕತ್ತಲಲ್ಲಿ ಎಡವುತ್ತಾ ಹೋಗುವಾಗ ಅಪ್ಪನ ಕೈ ಹಿಡಿದು ನಡೆಸಿದ ಒಬ್ಬ ಕಾಲೇಜು ಹುಡುಗ. ಅವನು ಯಾವ ಊರು, ಯಾವ ಜನ ಅಂತ ಅಪ್ಪನಿಗೆ ಕೇಳಲು ಪುರುಸೊತ್ತೇ ಸಿಗಲಿಲ್ಲ, ಅಷ್ಟರಲ್ಲಿ ಜೋಗಿಗಳು ಹಾಡಲು ಶುರುಮಾಡಿದ್ದರು. ಸೊಳ್ಳೆ ಎಲ್ಲರಿಗೂ ಒಂದೇ, ಚಳಿ ಎಲ್ಲರಿಗೂ ಒಂದೇ. ಕೊನೆಯ ಭಾಗದ ಹೊತ್ತಿಗೆ ಅಪ್ಪನ ಶಾಲಿನ ಅರ್ಧ ಆ ಹುಡುಗನ ಹೆಗಲ ಮೇಲಿತ್ತು. ಇದನ್ನು ಮೂರು ಗಂಟೆಯಲ್ಲಿ ಮಾಡಲು ಬರುವುದಿಲ್ಲ. ಎರಡೂವರೆ ಗಂಟೆಯ ನಾಟಕದಲ್ಲಿ ನಾವು ನಮ್ಮ ನಮ್ಮ ಸೀಟಿನಲ್ಲಿ ಕೂತು, ಕೈ ತಟ್ಟಿ, ಬಂದವರ ಜೊತೆಯೇ ವಾಪಸ್ ಹೋಗುತ್ತೇವೆ.

ಪೀಟರ್ ಬ್ರೂಕ್ ಅವರ 'ಮಹಾಭಾರತ'ವೂ ಒಂಬತ್ತು ಗಂಟೆಯದ್ದು. 1985ರಲ್ಲಿ ಫ್ರಾನ್ಸಿನ ಅವಿನ್ಯೋನ್ ಉತ್ಸವದಲ್ಲಿ, ಒಂದು ಕಲ್ಲುಕ್ವಾರಿಯಲ್ಲಿ ಆಡಿದರು. ಅದಕ್ಕೂ ಒಂದು ಕಡೆ ಮೈಮರೆತ ಹೊಗಳಿಕೆ, ಇನ್ನೊಂದು ಕಡೆ ರುಸ್ತುಮ್ ಭರೂಚಾ ಅವರಂಥವರಿಂದ, ನಮ್ಮ ಕಥೆಯನ್ನು ಅದರ ನೆಲದಿಂದ ಕಿತ್ತುಕೊಂಡಿರಿ ಅನ್ನುವ ಕಟು ಟೀಕೆ. ಆ ಜಗಳ ಗಂಟೆಗಳ ಬಗ್ಗೆ ಆಗಿರಲಿಲ್ಲ, ಯಾರ ಕಥೆ ಯಾರ ಮುಂದೆ ಹೇಗೆ ಅನ್ನುವುದರ ಬಗ್ಗೆ ಇತ್ತು. ನಾವು ಮಾತ್ರ ಗಡಿಯಾರ ಹಿಡಿದುಕೊಂಡು ಕಿತ್ತಾಡುತ್ತಿದ್ದೇವೆ. ಗುತ್ತಿಗೆ ಬಂದ ನಗುವಿನ ಬಗ್ಗೆ ಆ ಸೋಮವಾರ ಯಾರೂ ಮಾತೆತ್ತಲಿಲ್ಲ. ನಕ್ಕವರಿಗೆ ಅದು ನೆನಪಿರಲಿಲ್ಲ. ನೆನಪಿದ್ದ ನಾನು ಬಾಯಿ ಬಿಡಲಿಲ್ಲ.

ನಿರ್ದೇಶಕರದ್ದೂ ಇದರಲ್ಲಿ ಪಾಲಿದೆಯೇ? ಇದೆ ಅಂತ ನನ್ನ ಅಭಿಪ್ರಾಯ. ಇಷ್ಟು ದೊಡ್ಡ ಗುಂಪನ್ನು ರಾತ್ರಿಯಿಡೀ ಎಚ್ಚರ ಇಡಬೇಕಾದವರು ನಗುವನ್ನು ಬೇಡ ಅನ್ನುವುದು ಕಷ್ಟ, ಹೊರಗಿನಿಂದ ಹೇಳುವುದು ಸುಲಭ. ಆದರೂ ಆ ನಗುವಿನ ಮೇಲೆ ಒಂದು ಕ್ಷಣ ನಿಂತಿದ್ದರೆ, ಗುತ್ತಿ ಒಮ್ಮೆ ತಿರುಗಿ ನಮ್ಮನ್ನು ನೋಡಿದ್ದರೆ, ಆ ನಡುವಯಸ್ಸಿನವರು ಮಾಡಿದ ಕೆಲಸವನ್ನು ನಾಟಕವೇ ಮಾಡಿದ ಹಾಗಾಗುತ್ತಿತ್ತು. ಮತ್ತೆ ನೋಡುತ್ತೀಯಾ ಅಂತ ಕೇಳಿದರೆ ನೋಡುತ್ತೇನೆ. ಈ ಸಲ ಶಾಲು ನನ್ನದೇ ತೆಗೆದುಕೊಂಡು ಹೋಗುತ್ತೇನೆ. ನೀವೂ ಹೋಗಿ. ನಿದ್ದೆ ಬಂದರೆ ಮಲಗಿ, ಪಕ್ಕದವರಿಗೆ ಎಬ್ಬಿಸಲು ಹೇಳಿ. ನಡುರಾತ್ರಿ ಟ್ಯಾಕ್ಸಿ ಮಾತ್ರ ಹತ್ತಬೇಡಿ.

ನಾಟಕ ಮುಗಿದಾಗ ಬೆಳಕು ಬಿಟ್ಟಿತ್ತು. ಉಕ್ಕಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವುದನ್ನು ನೆನೆದು ತೀರ್ಥಹಳ್ಳಿ ಹುಡುಗಿ ಇನ್ನೂ ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು, ಅಪ್ಪ ರಸ್ತೆಬದಿಯ ಗಾಡಿಯ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆವು. ಅಪ್ಪ ಪ್ಲಾಸ್ಟಿಕ್ ಲೋಟ ತಿರುಗಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಆ ಗುತ್ತಿ ಮಾಡ್ದ ಹುಡುಗ ಯಾವ ಜನ?"

ಟೀ ನನ್ನ ಗಂಟಲಲ್ಲೇ ನಿಂತಿತು. "ಗೊತ್ತಿಲ್ಲಪ್ಪ. ಇಲ್ಲಿ ಅದನ್ನೆಲ್ಲ ಯಾರೂ ಕೇಳಲ್ಲ."

"ನಮ್ಮೂರಲ್ಲಾದ್ರೆ ಮೊದಲು ಅದನ್ನ ಕೇಳೇ ಪಾರ್ಟು ಕೊಡೋದು" ಅಂದರು. ಬೈದರೋ, ಹೆಮ್ಮೆಯಿಂದ ಹೇಳಿದರೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ಲೋಟ ಬುಟ್ಟಿಗೆ ಹಾಕಿ ಬಂದು, "ಚೆನ್ನಾಗ್ ಮಾಡ್ದ ಕಣಪ್ಪ. ಒನ್ಸ್ ಮೋರ್ ಅನ್ನೋಣ ಅನ್ನಿಸ್ತು. ಯಾರೂ ಅನ್ಲಿಲ್ಲ, ನಾನೂ ಸುಮ್ನಾದೆ" ಅಂದರು.

ಅಷ್ಟರಲ್ಲಿ ಮೆಜೆಸ್ಟಿಕ್ ಬಸ್ಸು ಬಂತು. ಅಪ್ಪ ಕಿಟಕಿ ಪಕ್ಕ ಕೂತು, ನಾಗರಬಾವಿ ದಾಟುವ ಮೊದಲೇ ನಿದ್ದೆ ಹೋದರು.